ಅರೆ

ಬೈತಖೋಲದ ಹಳೆ ಐಸ್ ಫ್ಯಾಕ್ಟರಿಯಲ್ಲಿ
ಈಗ ಕಂಪ್ಯೂಟರುಗಳನ್ನು ತಣ್ಣಗೆ ಇಟ್ಟಿದ್ದಾರೆ.
ಗೋಡೆ ಇನ್ನೂ ಶೆಟ್ಲಿ ನಾರುತ್ತದೆ.
ಬೋರ್ಡಿನ ಮೇಲೆ ಒಂದು ರೆಕ್ಕೆ, ಒಂದು ಕಣ್ಣು.

ನನ್ನ ಕೆಲಸ ಚೌಕ ಎಳೆಯುವುದು.
ಮೇಲಿಂದ ತೆಗೆದ ಕಡಲಿನ ಪಟದಲ್ಲಿ
ದೋಣಿ ಕಂಡರೆ ದೋಣಿಯ ಸುತ್ತ,
ಆಳು ಕಂಡರೆ ಆಳಿನ ಸುತ್ತ.
ಚೌಕಕ್ಕೆ ನಲವತ್ತು ಪೈಸೆ. ತೆರೆಗೆ ಏನೂ ಇಲ್ಲ.
ಎರಡು ವರ್ಷದಲ್ಲಿ ಮಾಜಾಳಿಯಿಂದ ಹೊನ್ನಾವರದವರೆಗೆ
ನಾನು ಬೇಲಿ ಹಾಕದ ದೋಣಿಯಿಲ್ಲ.

ಅರೆಸ್ವಾಯತ್ತ, ಎಂದು ಮೊದಲ ದಿನವೇ ಬಿಡಿಸಿ ಹೇಳಿದ್ದರು:
ಹಾರುವುದು ಅದೇ, ಹುಡುಕುವುದು ಅದೇ,
ಗುರುತು ಹಿಡಿದು ಬೆನ್ನು ಹತ್ತುವುದೂ ಅದೇ;
ಕೊನೆಯ ಹೂಂ ಮಾತ್ರ ಮನುಷ್ಯನದು.

‘ಅರೆ ಅಂದ್ರೆ ಎಂತದೇ?’ ಕೇಳಿದ್ದ ಜಟ್ಟು ಮಾವ,
‘ಕೂರ್ಮಗಡದ ಬದಿಗೆ ನೀರೊಳಗೆ ಕೂತಿರ್ತದಲ್ಲ, ಅದಾ?
ನನ್ನಪ್ಪನ ದೋಣಿ ಒಡೆದದ್ದು?’
ಅತ್ತೆ ಒರಳಿನಿಂದ ತಲೆಯೆತ್ತದೆ:
‘ಅರೆದ್ರೆ ಪೂರ್ತಿ ಅರೀಬೇಕು.
ಅರ್ಧಕ್ಕೆ ಬಿಟ್ರೆ ಸಾರಲ್ಲಿ ತರಿ ಸಿಕ್ತದೆ.’

ಮಳೆಗಾಲ ಕಳೆದ ಮೇಲೆ ಮಾವನಿಗೂ ಅಲ್ಲೇ ಕೆಲಸ ಸಿಕ್ಕಿತು,
ಶತ್ರುವಿನದು.
ದಿನಕ್ಕೆ ಎರಡು ಸಾವಿರ, ಡೀಸೆಲ್ ಬೇರೆ.
ಏಳು ಗಂಟೆಗೆ ದೇವಗಡದ ದೀಪಸ್ತಂಭ ದಾಟಿ
ಸುಮ್ಮನೆ ಅತ್ತಿತ್ತ ಹೋಗುತ್ತಿರಬೇಕು.
ಓಡಿಹೋಗುವವನ ಹಾಗೆ ಮಾಡು, ಎಂದರಂತೆ ಒಂದು ದಿನ.
‘ಅರ್ಗಾ ಬಿಟ್ಟು ಬರುವಾಗ್ಲೂ ನಾನು ಓಡ್ಲಿಲ್ಲ ಸಾಹೇಬ್ರೆ,
ಸಾಮಾನು ಹೊತ್ಕೊಂಡು ನಡೆದೆ.’
ಬಲೆ ಹಾಕುವಂತಿಲ್ಲ.
ಹಾಕಿದರೆ ಮೀನುಗಾರ ಆಗಿಬಿಡುತ್ತಾನೆ.

ನವೆಂಬರಿನ ಒಂದು ತುಣುಕು ನನ್ನ ಪಾಲಿಗೆ ಬಂತು.
ನೀಲಿ ತಾಡಪಾಲಿನ ತೇಪೆ ನೋಡಿ ದೋಣಿ ಗುರುತಾಯಿತು,
ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತದ್ದು ನೋಡಿ ಮಾವ.
ಸುತ್ತ ಆಗಲೇ ಕೆಂಪು ಗೆರೆ.
ಮೂಲೆಯಲ್ಲಿ: ತೊಂಬತ್ತೊಂದು ಪ್ರತಿಶತ.
ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ
ಎಡದಿಂದ ಬಲಕ್ಕೆ ಎರಡು ಸಲ ಬೀಸಿದ,
ತಡೆದು, ಇನ್ನೊಮ್ಮೆ.

ರಂಪಣಿ ಎಳೆಯುವ ಕಾಲದಲ್ಲಿ ಗುಡ್ಡದ ಮೇಲೆ ನಿಂತವರು
ದಂಡೆಯವರಿಗೆ ಹಾಗೆ ಬೀಸುತ್ತಿದ್ದರಂತೆ:
ಬಂಗಡೆ ಬಂದಿದೆ, ತೆಂಕಲಿಗೆ, ಹಿಂಡು ದೊಡ್ಡದು.
ನೋಡಿದೆ. ದೋಣಿಯ ಪಕ್ಕ ನೀರು ನಿಜಕ್ಕೂ ಕಪ್ಪಾಗಿ
ನಡುಗುತ್ತಿತ್ತು, ಯಾವ ಚೌಕಕ್ಕೂ ಸಿಕ್ಕದಷ್ಟು ಅಗಲ.
ಗುಡ್ಡದ ಮೇಲೆ ಯಾರೂ ಇಲ್ಲ, ದಂಡೆಯಲ್ಲಿ ಯಾರೂ ಇಲ್ಲ,
ಮಾವ ಅದಕ್ಕೇ ಹೇಳುತ್ತಿದ್ದ.

ಕೆಳಗೆ ಪ್ರಶ್ನೆ. ಕೈಸನ್ನೆ:
ಬೆದರಿಕೆ. ಬೆದರಿಕೆಯಲ್ಲ. ಅಸ್ಪಷ್ಟ.
ಬಂಗಡೆ ಪಟ್ಟಿಯಲ್ಲಿ ಇರಲಿಲ್ಲ.
ನಡುವಿನದನ್ನು ಒತ್ತಿದೆ.
ಚಹಾ ಕುಡಿದು ಬರುವಷ್ಟರಲ್ಲಿ ತುಣುಕು ವಾಪಸು ಬಂದಿತ್ತು:
ಇದೇ ಚಿತ್ರಕ್ಕೆ ಇನ್ನೊಬ್ಬರು, ಯಾವ ಊರಿನವರೋ,
ಬೆದರಿಕೆ ಎಂದಿದ್ದಾರೆ.
ಮೂರನೆಯವರ ಅಭಿಪ್ರಾಯಕ್ಕೆ ಕಳಿಸಲಾಗಿದೆ.

ರಾತ್ರಿ ಮಾವ ಬಂದ.
ಡೀಸೆಲಿನ ಬಿಲ್ಲು ಯಾರ ಹತ್ತಿರ ಕೊಡಬೇಕು ಅಂತ ಕೇಳಿದ.
ಚಪ್ಪಲಿ ಮೆಟ್ಟಿ ಹೊರಟವನು ತಿರುಗಿ,
‘ಮೇಲಿಂದ ಕಾಣ್ತಾ?’ ಎಂದ.

ಹೂಂ, ಎಂದೆ.