ಎರಡು ಎಲೆ

ಮಧ್ಯಾಹ್ನ ಎರಡು ಗಂಟೆ, ತುನುಯಾನ್ ಕಣಿವೆ.
ಆಂಡೀಸ್ ನೆತ್ತಿಯ ಹಿಮ ಇನ್ನೂ ಬೆಳ್ಳಗೆ,
ಇಲ್ಲಿ ಕಲ್ಲುನೆಲ ಕಾದ ಹೆಂಚು.
ನೆಲಿದಾ ಫುನೆಸ್ ಮೊದಲು ಮಾಡುವುದಿಷ್ಟು:
ಒಂದು ದ್ರಾಕ್ಷಿಯೆಲೆಗೆ ವ್ಯಾಸಲೀನು ಬಳಿಯುತ್ತಾಳೆ,
ಮೇಲೆ, ಕೆಳಗೆ, ನರನರದ ಸಂದಿಗೂ.
ಇನ್ನೊಂದಕ್ಕೆ ನೀರು ಚಿಮುಕಿಸುತ್ತಾಳೆ.

ಬಳಿದದ್ದು ಬಾಯಿ ಕಟ್ಟಿದ ಎಲೆ.
ಬೆವರಲಾರದು; ಬಿಸಿಲು ಕೊಟ್ಟಷ್ಟನ್ನೂ
ಇಟ್ಟುಕೊಂಡು ಕಾಯುತ್ತದೆ.
ತೊಯ್ದದ್ದು ಮಣ್ಣಿನ ಹೂಜಿಯ ಮೈಯಂತೆ ತಣ್ಣಗೆ.
ಈ ಎರಡರ ನಡುವೆ ಎಲ್ಲೋ
ಹನ್ನೆರಡು ಹೆಕ್ಟೇರ್ ಮಾಲ್ಬೆಕ್ ಉಸಿರಾಡುತ್ತಿದೆ.
ಎಲ್ಲಿ ಎಂದು ಹುಡುಕುವುದೇ ಅವಳ ಕೆಲಸ.

ಮೂವತ್ತೇಳು ಒಂದು ತುದಿ, ಇಪ್ಪತ್ತೇಳು ಇನ್ನೊಂದು.
ಕ್ಯಾಮೆರಾ ಹಿಡಿದು ಸಾಲುಸಾಲು ನಡೆಯುತ್ತಾಳೆ.
ಕಣ್ಣಿಗೆ ಹಸಿರೇ ಹಸಿರು. ಪರದೆಯಲ್ಲಿ
ನೇರಳೆ, ಕೆಂಪು, ಒಲೆಬಾಯಿಯ ಹಳದಿ.
ಎಲೆ ಬಾಡಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ;
ಅದಕ್ಕೂ ಎರಡು ದಿನ ಮುಂಚೆ
ರಂಧ್ರಗಳು ಒಂದೊಂದೇ ಕದ ಹಾಕಿಕೊಳ್ಳುತ್ತವೆ,
ಗಲಾಟೆಯ ಸುದ್ದಿಗೂ ಮೊದಲೇ ಪೇಟೆಯ ಅಂಗಡಿಗಳ ಹಾಗೆ.

ದಾಹ ಇರಲಿ, ಅಂದಿದ್ದಾನೆ ಒಡೆಯ ಬರ್ರಿಯೋನುಯೆವೊ.
ತುಂಬ ಕುಡಿದ ಬಳ್ಳಿ ಹಣ್ಣು ಮರೆತು ಎಲೆ ಬಿಡುತ್ತದಂತೆ;
ಸ್ವಲ್ಪ ಬಾಯಾರಿದರೆ ಸಿಪ್ಪೆಗೆ ಬಣ್ಣ, ರಸಕ್ಕೆ ಒಗರು.
ಎಷ್ಟು ಸ್ವಲ್ಪ?
ಅಕ್ಕಸಾಲಿಯ ತಕ್ಕಡಿಯಲ್ಲಿ ಬಾಯಾರಿಕೆ ತೂಗಲು
ಇವಳಿಗೆ ಸಂಬಳ.
ಹತ್ತರಲ್ಲಿ ನಾಲ್ಕು, ಇರಲಿ.
ಆರು ದಾಟಿದರೆ ನೀರು ಬಿಡು.
ಐದಕ್ಕೆ ಏನು ಎಂದು ಯಾರೂ ಹೇಳಿಲ್ಲ.

ಹದಿನೇಳನೆಯ ಸಾಲಲ್ಲಿ ಮೂರು ಬಳ್ಳಿ ಉರಿಯುತ್ತಿವೆ,
ಅಕ್ಕಪಕ್ಕದವು ತೆಪ್ಪಗಿವೆ.
ಮಂಡಿಯೂರಿ ಹನಿಕೊಳವೆ ತಡವುತ್ತಾಳೆ:
ಸುಣ್ಣ ಕಟ್ಟಿ, ಸೂಜಿಮೊನೆಯಷ್ಟು ಬಿಳಿ ಹರಳು.
ಹೇರ್‌ಪಿನ್ನಿನಿಂದ ಮೀಟಿ, ಬಾಯಿಟ್ಟು ಊದಿ, ಉಗುಳುತ್ತಾಳೆ.
ಕೊಳವೆಯಲ್ಲಿ ಉಳಿದಿದ್ದ ನೀರು
ಒಂದು ಹನಿ,
ಆಮೇಲೆ ಯೋಚಿಸಿ ಇನ್ನೊಂದು.
ಒಡೆಯ ಬೇಕೆಂದ ದಾಹವಲ್ಲ ಇದು,
ಯಾರ ಲೆಕ್ಕದಲ್ಲೂ ಇರದದ್ದು.

ನಾಲ್ಕಕ್ಕೆ, ಕಾಲವಲ್ಲದ ಕಾಲದಲ್ಲಿ,
ಬೆಟ್ಟದಿಂದ ಝೋಂಡಾ ಗಾಳಿ ಇಳಿಯಿತು. ಫೋನು ಬಂತು.
"ಎಷ್ಟು?"
"ಐದು."
ಅವನು ಸುಮ್ಮನಾದ. ಗಾಳಿ ಮಾತ್ರ ಇಬ್ಬರಿಗೂ ಕೇಳಿಸಿತು.
ಎಲೆಗೆ ಬಳಿದ ಅದೇ ಬೆರಳಲ್ಲಿ
ಉಳಿದ ವ್ಯಾಸಲೀನು ಒಡೆದ ತುಟಿಗೆ ಸವರಿಕೊಂಡಳು.
ಬೆನ್ನು ಒದ್ದೆ, ಅಂಗಿ ತಂಪು.
ನೀರು ಬಿಡಲಾ ಅನ್ನಲಿಲ್ಲ.
ಬಿಡುತ್ತೇನೆ, ಅಂದಳು.