ಹದಿನೇಳನೆಯ ಪುಡಿ

ಹೊರಗೆ ಕಲಬುರಗಿ ನಲವತ್ಮೂರು ಡಿಗ್ರಿ,
ಒಳಗೆ ಉಕ್ಕಿನ ನಳಿಕೆ ಇನ್ನೂರ ನಲವತ್ತು.
ನಡುವೆ ನಾನು, ಒಂದು ಕೂಲರು,
ಮತ್ತು ರಾತ್ರಿಪಾಳಿಯ ಲಾಲಪ್ಪ,
ಶಹಾಬಾದ ಕಲ್ಲಿನ ನೆಲಕ್ಕೆ ನೀರು ಚಿಮುಕಿಸಿ
ಅದರ ಮೇಲೇ ಅಂಗಾತ ಮಲಗಿದವ.

ಹದಿನಾರು ಪುಡಿ ಸತ್ತವು.
ಮೊದಲನೆಯದು ಒಂಬತ್ತೇ ತಾಸಿಗೆ.
ಆರನೆಯದು ಹೊತ್ತಿ, ಗಟ್ಟಿಯಾಗಿ,
ಉಳಿಯಿಂದ ಕೆತ್ತಿ ತೆಗೆಯಬೇಕಾಯಿತು.
ಹನ್ನೊಂದನೆಯದು ನಂಬಿಸಿ ಕೈಕೊಟ್ಟಿತು: ಬರೀ ಮೇಣ.
ಕಾರಣದ ಕಾಲಂನಲ್ಲಿ ಹೆಚ್ಚಾಗಿ ಒಂದೇ ಮಾತು, ಗಂಧಕ.
ಗಡಿಯಾಚೆಯ ಕಲ್ಲಿದ್ದಲು ಗಾಳಿಯಾದ ಮೇಲೂ
ಒಳಗೇ ಬಚ್ಚಿಟ್ಟು ತರುವ ವಿಷ;
ಎಷ್ಟು ತೊಳೆದರೂ ಚೂರು ಉಳಿಯುತ್ತದೆ
ದಾಯಾದಿಗಳ ಹಳೇ ಜಗಳದ ಹಾಗೆ.

"ಈ ಪುಡೀದು ಕೆಲಸ ಏನ್ರೀ ಅಕ್ಕಾ?"
ಹೆಣ್ಣು ಗಂಡು ಕೂಡಿಸುವವರ ಕೆಲಸ, ಅಂದೆ.
ಇವರನ್ನು ಅವರ ಮಗ್ಗುಲಿಗೆ ಕೂಡಿಸೋದು,
ಮಾತು ಹತ್ತಿತೋ, ಎದ್ದು ಮುಂದಿನ ಮನಿಗೆ ಹೋಗೋದು.
"ಊಟ?"
ಊಟ ಇಲ್ಲ.
"ಹಂಗಾದ್ರ ಸಾಯಲಾರದೇ ಏನ್ ಮಾಡ್ತದ್ರೀ."

ಬೀದರಿನಿಂದ ಅಬ್ಬಾ ಫೋನು ಮಾಡಿದರು.
ಅವರ ಬಿದರಿ ಹೂಜಿಯದೂ ಇದೇ ಕತೆ:
ಕೋಟೆಯ ಮಣ್ಣು, ನವಸಾಗರ, ಕುದಿನೀರು.
ಸತುವನ್ನು ಕಪ್ಪಾಗಿಸಿ, ಬೆಳ್ಳಿಯನ್ನು ಬಿಟ್ಟು,
ಮಣ್ಣು ಮೋರಿಗೆ ಹೋಗುತ್ತದೆ.
ಹೂಜಿಗೆ ಊರಿನ ಹೆಸರು. ಮಣ್ಣಿಗೆ ಯಾವುದೂ ಇಲ್ಲ.
"ನಾಲಿಗೆ ಮ್ಯಾಲಿಟ್ಟು ನೋಡಿದೇನ್ ಬೇಟಾ?
ಉಪ್ಪು ಕಮ್ಮಿ ಬಿದ್ದಿರಬೇಕು."

ನಕ್ಕೆ. ನಾಲಿಗೆಗೆ ಇಡಲಿಲ್ಲ.
ಆದರೆ ಕಬ್ಬಿಣಕ್ಕೆ ಪೊಟ್ಯಾಸಿಯಂ ಉಪ್ಪು
ನೂರಕ್ಕೆ ಅರ್ಧ ಇದ್ದದ್ದು ಎರಡಾಯಿತು,
ತಾಮ್ರ ಒಂದು ಚಿಟಿಕೆ.

ಇದು ಹದಿನೇಳು. ನೂರ ಹನ್ನೆರಡನೆಯ ತಾಸು.
ಮೂರೂವರೆಗೆ ವಾಡಿ ಕಡೆಯ ಗೂಡ್ಸು ಕೂಗಿತು;
ಸದ್ದಿನಲ್ಲೇ ಡಬ್ಬಿ ಎಣಿಸುತ್ತ ಐವತ್ತಕ್ಕೆ ತಪ್ಪಿದೆ.
ತಂಪು ಬಾಟಲಿಯ ಕೊರಳಲ್ಲಿ ಏನೋ ತೂಗುತ್ತಿತ್ತು.
ಬೀಳಲೋ ಬೇಡವೋ ಅಂತ ತುಸು ತಡೆದು
ಬಿತ್ತು.
ಜೇನಿಗಿಂತ ತಿಳಿ.
ಲಾಲಪ್ಪ ಎದ್ದು ಬಂದು ಮೂಸಿದ:
"ನಮ್ಮವ್ವನ ಕಂದೀಲು!"

ಬೆಳಗಿನ ತನಕ ನಾಲ್ಕು ಚಮಚೆ.
ನನ್ನ ಸ್ಕೂಟಿ ವಿಶ್ವವಿದ್ಯಾಲಯದ ಗೇಟೂ ದಾಟದಷ್ಟು.
ಇಷ್ಟಕ್ಕೆ ಎಷ್ಟು ಹೊಗೆ ಮೇಲೆ ಹೋಯಿತು?
ಅದಕ್ಕೂ ಒಂದು ಕಾಲಂ ಗೀಚಿ ಖಾಲಿ ಬಿಟ್ಟಿದ್ದೇನೆ.

"ಉಪ್ಪು ಉಂಡದ, ಋಣ ತೀರಿಸ್ತದ ಬಿಡ್ರೀ,"
ಅಂದು ಲಾಲಪ್ಪ ಚಹಾಕ್ಕೆ ಹೋದ.
ಸಹಿ ಮಾತ್ರ ಪೆನ್ನಿನಲ್ಲಿ ಹಾಕಿದೆ, ತಸ್ಕೀನ್.
ತಾಸಿನ ಅಂಕಿಯನ್ನು
ಪೆನ್ಸಿಲಿನಲ್ಲೇ ಬರೆದೆ.