ಒಲೆ ಹಚ್ಚದೆ

ಪರಚೀಕೆ ಬಂದರಿನಲ್ಲಿ ಮೂರು ದಿನದಿಂದ ಕಡಲಿಗೆ ಸಿಟ್ಟು.
ದೋಣಿಗಳು ಹಗ್ಗ ಜಗ್ಗುತ್ತ ನಿಂತಿವೆ, ಗೂಟಕ್ಕೆ ಕಟ್ಟಿದ ಹೋರಿಗಳ ಹಾಗೆ.
ಕಟ್ಟೆಯ ಮೇಲೆ ಹೆಜ್ಜಾರ್ಲೆಗಳು ಖಾಲಿ ಚೀಲ ಇಳಿಬಿಟ್ಟುಕೊಂಡು
ಪಡಿತರದ ಸಾಲಿನಲ್ಲಿ ನಿಂತ ಮುದುಕರು.

ಇವತ್ತು ದೊರೆತದ್ದು ಒಂದೇ ಮೀನು, ಮೊಣಕೈಯುದ್ದದ ಕೊರ್ವಿನ,
ಜೊತೆಗೆ ಮುಳುಗಿ ಹೆಕ್ಕುವ ಕಸಿಮಿರೊ
ಹಳೇ ಸಾಲಕ್ಕೆಂದು ಕೊಟ್ಟುಹೋದ ಎರಡು ಹಿಡಿ ಚಿಪ್ಪುಮಾಂಸ.
ನಮ್ಮದು ನಾಲ್ಕೇ ಮೇಜು. ಆದರೆ ಭಾನುವಾರ.
ಪಿಯೂರದಿಂದ ಬಸ್ಸು ಬರುತ್ತದೆ
ಹಸಿದ ಬಾಯಿ ತುಂಬಿಕೊಂಡು.

"ನೋಡಿ ಕಲಿ" ಅನ್ನುತ್ತಾಳೆ ದೊಮಿತಿಲ ದೊಡ್ಡಮ್ಮ.
ಹೇಳಿಕೊಡುವುದು ಅವಳ ಜಾಯಮಾನವಲ್ಲ.
ನೋಡುತ್ತೇನೆ.
ಚಾಕು ನಾರಿಗೆ ಅಡ್ಡ ಹೋಗುತ್ತದೆ, ಉದ್ದಕ್ಕಲ್ಲ.
ತುಂಡು ಹೆಬ್ಬೆರಳ ಉಗುರಿನಷ್ಟು.
ಉಪ್ಪು ಮೊದಲು. ಯಾವಾಗಲೂ ಉಪ್ಪು ಮೊದಲು.
ಈರುಳ್ಳಿ ಕೂದಲೆಳೆ; ತಣ್ಣೀರಲ್ಲಿ ಮೂರು ಸಲ ತೊಳೆದು
ಅದರ ಕೋಪ ಇಳಿಸಬೇಕು.
(ಅವಳ ಕೋಪ ಇಳಿಸುವಷ್ಟು ನೀರು
ಈ ಮರಳುಗಾಡಿನ ಊರಲ್ಲಿಲ್ಲ.)

ಆಮೇಲೆ ನಿಂಬೆ. ಗೋಲಿಗಿಂತ ತುಸು ದೊಡ್ಡವು, ಹಸಿರು ಹಸಿರು.
ಅರ್ಧಕ್ಕೆ ಸೀಳಿ ಮೆತ್ತಗೆ ಒಂದೇ ಒತ್ತು.
ನಾನು ಹಿಂಡುತ್ತೇನೆ, ಮತ್ತೂ ಹಿಂಡುತ್ತೇನೆ;
ಕಾಸು ಕೊಟ್ಟು ತಂದದ್ದಲ್ಲವೇ.
ಕೈಗೆ ಬಿತ್ತು ಏಟು.
"ಕೊನೇ ಹನಿ ಹಣ್ಣಿನದಲ್ಲ ಕಣೇ, ಸಿಪ್ಪೆಯದು.
ಕಹಿ ಒಮ್ಮೆ ಒಳಹೊಕ್ಕರೆ
ಯಾವ ಸಕ್ಕರೆ ಕರೆದರೂ ಹೊರಬರುವುದಿಲ್ಲ."

ಅಷ್ಟರಲ್ಲಿ ಬಾಗಿಲಿಗೆ ನೆರಳು.
ನೇಲಿದ ಚಿಕ್ಕಮ್ಮ, ಸೊಂಟದ ಮೇಲೆ ಮರದ ಪೆಟ್ಟಿಗೆ,
ತಂಬೊಗ್ರಾಂದೆಯ ತೋಟದಿಂದ ಎರಡು ವ್ಯಾನು ಬದಲಿಸಿ.
ತಾತನ ದೋಣಿ ಮಾರಿದ ವರ್ಷದಿಂದ
ಈ ಅಕ್ಕ ಆ ತಂಗಿಗೆ ಮಾತಿಲ್ಲ. ಹನ್ನೊಂದು ವರ್ಷ.
(ನಡುವಿನವಳು ನನ್ನಮ್ಮ. ಅವಳು ಲಿಮಾದಲ್ಲಿದ್ದಾಳೆ, ಜಾಣೆ.)

"ಹೇಳು ನಿನ್ನ ದೊಡ್ಡಮ್ಮನಿಗೆ, ಹಡಗು ಹತ್ತದ ಮಾವು ಇವು.
ಸಿಪ್ಪೆಯ ಮೇಲೆ ಕಾಸಿನಗಲ ಕಲೆಯಿದೆಯೆಂದು
ಕೈಗವಸು ತೊಟ್ಟ ಹುಡುಗನೊಬ್ಬ ಆಚೆ ಸರಿಸಿದ."
"ಹೇಳು ಅವಳಿಗೆ, ಮೀನಿನಂಗಡಿಗೆ ಹಣ್ಣೇಕೆ?"
"ಹೇಳು, ಮೀನೇ ಇಲ್ಲದ ಅಂಗಡಿಗೆ."
ಮೂರಡಿ ದೂರದಲ್ಲಿ ಇಬ್ಬರೂ.
ನಡುವೆ ನಾನು, ಸಂಬಳವಿಲ್ಲದ ಅಂಚೆಯವಳು.

ದೊಡ್ಡಮ್ಮ ಬೋಗುಣಿಯೊಳಗೆ ಇಣುಕಿದಳು. ಆರು ತಟ್ಟೆಗೂ ಸಾಲದು.
ದೂರದಲ್ಲಿ ಬಸ್ಸಿನ ಹಾರ್ನು.
"ಅಮ್ಮ ಇದ್ದಿದ್ದರೆ, ಸೇವಿಚೆಗೆ ಹಣ್ಣು ಹಾಕಿದ ಕೈಯನ್ನು"
ಎಂದು ಶುರುಮಾಡಿದಳು. ಮುಗಿಸಲಿಲ್ಲ.
ಚಾಕುವನ್ನು ಹಲಗೆಯ ಮೇಲಿಟ್ಟು
ಹಿಡಿಯನ್ನು ಆ ಕಡೆಗೆ ತಿರುಗಿಸಿದಳು.

ಚಿಕ್ಕಮ್ಮ ಅರೆಮಾಗಿದ್ದನ್ನೇ ಆರಿಸಿದಳು,
ಒತ್ತಿದರೆ ಬೆರಳಿಗೆ ಎದುರುತ್ತರ ಕೊಡುವಂಥವು.
ಕಲೆಯನ್ನು ಕೆತ್ತಿ ಬಿಸಾಡಿದಳು. ಹೆಚ್ಚಿದಳು.
ಒಂದೊಂದು ತುಂಡೂ ಹೆಬ್ಬೆರಳ ಉಗುರಿನಷ್ಟು.
ಅವಳೂ ನೋಡಿಯೇ ಕಲಿತವಳು.

ಇನ್ನು ಕಾಯುವ ಹೊತ್ತು.
ಹೊಗೆಯಿಲ್ಲ, ಉರಿಯಿಲ್ಲ, ಕೊತಕೊತ ಸದ್ದಿಲ್ಲ.
ಗಾಜಿನಂತಿದ್ದ ಮಾಂಸ ಅಂಚಿನಿಂದ ಬೆಳ್ಳಗಾಗುತ್ತ
ನಡುವಿಗೆ ಬರುತ್ತದೆ, ಬೇಯುತ್ತಿದ್ದೇನೆಂದು ಯಾರಿಗೂ ಹೇಳದೆ.
ಯಾರೂ ಮಾತಾಡಲಿಲ್ಲ. ಒಂದು ನೊಣ ಮಾತ್ರ
ಇಬ್ಬರ ಕೈಯ ಮೇಲೂ ಕೂತು ಎದ್ದಿತು.

ಕೊತ್ತಂಬರಿ. ಖಾರದ ಮೆಣಸು, ಬೀಜ ತೆಗೆದು.
ಕೊನೆಗೆ ಮಾವು. ಒಂದೇ ಸಲ ಕೈಯಾಡಿಸಿ ಬಿಡಬೇಕು,
ಕಲಸಿದರೆ ಮುದ್ದೆ.
ಪಕ್ಕಕ್ಕೆ ರಾತ್ರಿ ಮನೆಯಲ್ಲಿ ಬೇಯಿಸಿಟ್ಟ ಅವರೆಕಾಳು,
ಬಾಳೆಕಾಯಿಯ ಚಿಪ್ಸು.
"ಇದೇನು ಹೊಸದು?" ಬಸ್ಸಿನ ಡ್ರೈವರು, ಬಾಯಿ ತುಂಬ.
"ಹೊಸದೇನಲ್ಲ" ಅಂದಳು ದೊಡ್ಡಮ್ಮ, ತಲೆ ಎತ್ತದೆ. "ಮನೆಯದು."

ಬೋಗುಣಿಯ ತಳದಲ್ಲಿ ಉಳಿಯಿತು ರಸ,
ಹಾಲಿನಷ್ಟು ಮಬ್ಬು, ಮಾವು ತಾಗಿ ತುಸು ಹಳದಿ.
ಹುಲಿಹಾಲು ಅನ್ನುತ್ತೇವೆ ನಾವು ಇದಕ್ಕೆ.
ಅವಳು ಎರಡು ಲೋಟಕ್ಕೆ ಬಗ್ಗಿಸಿದಳು.
ಒಂದಕ್ಕೆ ನಾನು ಕೈ ಚಾಚಿದೆ.
ಏಟು ಬಿತ್ತು, ಇವತ್ತಿನ ಎರಡನೆಯದು.

ಚಿಕ್ಕಮ್ಮ ಒಂದು ಗುಟುಕು ಕುಡಿದಳು. ಮುಖ ಕಿವುಚಿದಳು.
"ಉಪ್ಪು ಕಮ್ಮಿಯಾಯ್ತು ಕಣೇ" ಅಂದಳು.
ನನಗಲ್ಲ.
ತಟ್ಟೆಗಳನ್ನು ಜೋಡಿಸಿಕೊಂಡು ನಾನು ಹಿತ್ತಲಿಗೆ ಹೋದೆ,
ತೊಳೆಯುವುದು ಬಹಳವಿತ್ತು.